ಆನೆಕಾಲಿಗೆ ಆಪರೇಷನ್: ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು



ನಮ್ಮ ಪತ್ರಿಕೆಯ ಪುಟಗಳಲ್ಲಿ ಅಡಿಕೆಯ ಕೊಳೆರೋಗ, ಕಾಫಿಯ ಬಿಳಿ ಕಾಂಡಕೊರಕ, ಮೈಲುತುತ್ತಿನ ಬೆಲೆ ಇವೇ ಮೊದಲಾದ ವಿಷಯಗಳನ್ನು ಓದಿ ರೂಢಿಯಾದವರಿಗೆ ಈ ಸಂಚಿಕೆಯ ಪಾಠ ಬೇರೆ ಎನಿಸಬಹುದು. ಗಿಡದ ರೋಗದ ಬದಲು ಗಿಡ ನೆಟ್ಟವನ ರೋಗದ ಬಗ್ಗೆ ಬರೆಯಲು ಹೊರಟಿದ್ದೇವೆ. ಕಾರಣ ಸಂಘದ ಕಡತದಲ್ಲಿಯೇ ಇದೆ.

ಕೆಲವು ವರ್ಷಗಳ ಹಿಂದೆ ನಮ್ಮ ಸದಸ್ಯರೊಬ್ಬರು ಕಾಲಿನ ಆಪರೇಷನ್ನಿಗೆಂದು ಆ ವರ್ಷದ ಅಡಿಕೆಯನ್ನು ಈಡು ಮಾಡಿ ಸಾಲ ಕೇಳಿದರು. ಘಟ್ಟದ ಕೆಳಗೆ ಹುಟ್ಟಿ ಬೆಳೆದು, ಹೆಣ್ಣು ಕೊಟ್ಟ ಮಾವನ ತೋಟ ನೋಡಿಕೊಳ್ಳಲು ಮೇಲೆ ಬಂದವರು. ಎಡಗಾಲು ಮೊಣಕಾಲಿನವರೆಗೆ ದಪ್ಪವಾಗಿ, ಚರ್ಮ ಒರಟಾಗಿ, ಪಾದದ ಮೇಲೆ ಮಡಿಕೆ ಬಿದ್ದಿತ್ತು. ಪಟ್ಟಣದ ಒಂದು ಆಸ್ಪತ್ರೆಯಲ್ಲಿ ‘ಒಂದೇ ಆಪರೇಷನ್, ಆಮೇಲೆ ಏನೂ ಬೇಡ’ ಎಂದು ಹೇಳಿದ್ದರಂತೆ. ನಾವು ಮರುಪ್ರಶ್ನೆ ಮಾಡಲಿಲ್ಲ. ಮಂಡಳಿಯ ಸಭೆಯಲ್ಲಿ ಐದು ನಿಮಿಷದಲ್ಲಿ ಸಾಲ ಮಂಜೂರಾಯಿತು. ಆಪರೇಷನ್ ಆಯಿತು, ಕಾಲು ಸಣ್ಣಗೂ ಆಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೊದಲಿನಷ್ಟೇ ದಪ್ಪವಾಯಿತು. ಸಾಲ ತೀರಿಸಲು ಮೂರು ಕೊನೆಕೊಯ್ಲು ಬೇಕಾಯಿತು. ಆಸ್ಪತ್ರೆಯವರನ್ನು ದೂರುವ ಮೊದಲು ನಮ್ಮನ್ನೇ ದೂರಿಕೊಳ್ಳಬೇಕು. ಒಂದು ಪಂಪ್‌ಸೆಟ್ಟಿಗೆ ಸಾಲ ಕೊಡುವಾಗ ಕೇಳುವಷ್ಟು ಪ್ರಶ್ನೆಗಳನ್ನು ಒಂದು ಕಾಲಿಗೆ ಸಾಲ ಕೊಡುವಾಗ ನಾವು ಕೇಳಿರಲಿಲ್ಲ.

ಈ ವರ್ಷ ಇನ್ನೊಂದು ಅರ್ಜಿ ಬಂದಿದೆ. ಈ ಸಲ ಕಾಲಲ್ಲ, ಕೈ. ಎರಡು ಎಕರೆ ಕಾಫಿ ಇಟ್ಟುಕೊಂಡಿರುವ ಸಹೋದರಿಯೊಬ್ಬರಿಗೆ ಸ್ತನದ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯಾಗಿ, ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ, ಬಲಗೈ ಊದಿಕೊಂಡಿದೆ. ರೋಬಸ್ಟಾ ಕೊಯ್ಯಲು ಕೈ ಎತ್ತಿದರೆ ಮಣ ಭಾರ. ‘ಅಣ್ಣಾ, ಕೈ ಸಣ್ಣಗಾಗುವುದಾದರೆ ಒಂದು ಬೆಳೆ ಹೋದರೂ ಚಿಂತೆಯಿಲ್ಲ’ ಎಂದರು. ಈ ಸಲ ಐದು ನಿಮಿಷದಲ್ಲಿ ಸಹಿ ಹಾಕಲು ಮನಸ್ಸು ಬರಲಿಲ್ಲ. ಬಲ್ಲ ಡಾಕ್ಟರರಲ್ಲಿ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ರೋಗದ ಬುಡ ನೋಡೋಣ. ಅಡಿಕೆ ತೋಟಕ್ಕೆ ನೀರು ಕೊಡುವ ಕಾಲುವೆ ಒಂದಾದರೆ, ಹೆಚ್ಚಿನ ನೀರನ್ನು ಹೊರಗೆ ಒಯ್ಯುವ ಬಸಿಗಾಲುವೆ ಇನ್ನೊಂದು. ಶರೀರದಲ್ಲಿಯೂ ಹಾಗೆಯೇ. ರಕ್ತನಾಳಗಳಿಂದ ಜಿನುಗಿದ ದ್ರವದಲ್ಲಿ ಒಂದು ಪಾಲು, ಅದರೊಂದಿಗೆ ಪ್ರೋಟೀನು, ಕಸಕಡ್ಡಿ, ರೋಗಾಣು ಎಲ್ಲವನ್ನೂ ಹೊತ್ತು ಪುನಃ ರಕ್ತಕ್ಕೆ ಸೇರಿಸುವ ತೆಳು ನಾಳಗಳಿವೆ. ಇವಕ್ಕೆ ದುಗ್ಧನಾಳಗಳೆಂದು ಹೆಸರು. ದಿನಕ್ಕೆ ಎರಡು ಮೂರು ಲೀಟರಿನಷ್ಟು ದ್ರವ ಈ ದಾರಿಯಾಗಿ ಹಿಂದಿರುಗುತ್ತದೆ. ಇವಕ್ಕೆ ಹೃದಯದಂತಹ ಪಂಪು ಇಲ್ಲ. ನಾಳದ ಸ್ವಂತ ಹಿಂಡುವಿಕೆ, ನಡೆದಾಡುವಾಗ ಸ್ನಾಯುಗಳ ಒತ್ತಡ, ಹಿಂದಕ್ಕೆ ಹರಿಯದಂತೆ ತಡೆಯುವ ಸಣ್ಣ ಕವಾಟಗಳು, ಇಷ್ಟರಿಂದಲೇ ಕೆಲಸ ನಡೆಯಬೇಕು. ತೊಡೆಸಂದಿ, ಕಂಕುಳು, ಕುತ್ತಿಗೆಗಳಲ್ಲಿರುವ ಗ್ರಂಥಿಗಳು ದಾರಿಯ ಮಧ್ಯದ ಜರಡಿಗಳು.

ಬಸಿಗಾಲುವೆ ಕಟ್ಟಿತೆಂದರೆ ತೋಟ ಜೌಗಾಗುವುದನ್ನು ನಾವೆಲ್ಲ ನೋಡಿದ್ದೇವೆ. ಕಟ್ಟಲು ಕಾರಣ ಹಲವು. ಕ್ಯಾನ್ಸರಿಗಾಗಿ ಗ್ರಂಥಿಗಳನ್ನು ತೆಗೆದದ್ದು, ವಿಕಿರಣ ಕೊಟ್ಟದ್ದು, ಹುಟ್ಟಿನಿಂದಲೇ ನಾಳ ಸರಿಯಿಲ್ಲದ್ದು ಇವು ಕೆಲವು. ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಸಿಕೊಂಡ ಹೆಂಗಸರಲ್ಲಿ ಸುಮಾರು ಐವರಿಗೆ ಒಬ್ಬರಂತೆ ಕೈ ಊದುತ್ತದೆ. ನಮ್ಮ ದೇಶದಲ್ಲಿ ಕಾಲು ಊದಲು ಮುಖ್ಯ ಕಾರಣ ಮಾತ್ರ ಫೈಲೇರಿಯಾ ಹುಳು. ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯ ಕಡಿತದಿಂದ ಒಳಸೇರಿ, ದುಗ್ಧನಾಳದಲ್ಲಿ ಐದಾರು ವರ್ಷ ಬಾಳಿ, ನಾಳವನ್ನು ಹಿಗ್ಗಿಸಿ ಕೆಡಿಸುತ್ತದೆ. ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳೂ, ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆಗಳೂ ಈ ರೋಗದ ಸೀಮೆಗಳೆಂದು ಗುರುತಿಸಲ್ಪಟ್ಟವು. ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಶ್ಲೀಪದವೆಂದು ಹೆಸರು. ಹಳೆಯ ನೀರು ನಿಂತಿರುವ, ವರ್ಷವಿಡೀ ತಂಪಾದ ಸೀಮೆಗಳಲ್ಲಿ ಇದು ಹೆಚ್ಚೆಂದು ಅಲ್ಲಿ ಹೇಳಿದೆ. ಸೊಳ್ಳೆಯ ಸಂಬಂಧವನ್ನು ಪ್ಯಾಟ್ರಿಕ್ ಮ್ಯಾನ್ಸನ್ ಕಂಡುಹಿಡಿದದ್ದು 1877ರಲ್ಲಿ. ಅದಕ್ಕೆ ಬಹಳ ಹಿಂದೆಯೇ ನಿಂತ ನೀರಿನ ಮೇಲೆ ಕಣ್ಣು ಬಿದ್ದಿತ್ತೆಂಬುದು ಗಮನಿಸತಕ್ಕ ಸಂಗತಿ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ತೆಗೆದುಹಾಕಬೇಕು. ಬಾಧಿತ ಜಿಲ್ಲೆಗಳಲ್ಲಿ 2004ರಿಂದ ಊರಿಗೆ ಊರೇ ನುಂಗುವಂತೆ ಕೊಡುತ್ತ ಬಂದ ಡಿ.ಇ.ಸಿ. ಮಾತ್ರೆ ರಕ್ತದಲ್ಲಿನ ಮರಿಹುಳುಗಳನ್ನು ಕೊಂದು ರೋಗ ಹರಡುವುದನ್ನು ತಡೆಯುತ್ತದೆ. ಅದನ್ನು ತಪ್ಪದೆ ನುಂಗಬೇಕು. ಆದರೆ ಈಗಾಗಲೇ ಊದಿರುವ ಕಾಲನ್ನು ಅದು ಇಳಿಸುವುದಿಲ್ಲ. ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲು ಹೊಡೆದರೆ ಕೊಳೆ ತಡೆಯುತ್ತದೆ. ಉದುರಿದ ಕಾಯಿಯನ್ನು ಅದು ಗೊನೆಗೆ ಅಂಟಿಸದು.

ಇನ್ನು ಆಪರೇಷನ್ನಿನ ವಿಚಾರ. ಇದನ್ನು ತಿಳಿಯಲು ಊತದ ಎರಡು ಹಂತಗಳನ್ನು ಬೇರ್ಪಡಿಸಿ ನೋಡಬೇಕು. ಆರಂಭದಲ್ಲಿ ಊತ ಬರಿಯ ನೀರು. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ರಾತ್ರಿ ಕಾಲು ಎತ್ತಿಟ್ಟು ಮಲಗಿದರೆ ಬೆಳಿಗ್ಗೆ ಇಳಿದಿರುತ್ತದೆ. ಹಾಗೆಯೇ ಬಿಟ್ಟರೆ ವರ್ಷಗಳು ಕಳೆದಂತೆ ಆ ನೀರಿನ ಜಾಗದಲ್ಲಿ ಕೊಬ್ಬು ಬೆಳೆಯುತ್ತದೆ, ನಾರು ಕಟ್ಟುತ್ತದೆ, ಚರ್ಮ ದಪ್ಪವಾಗಿ ಗಂಟುಗಂಟಾಗುತ್ತದೆ. ಆಗ ಒತ್ತಿದರೆ ಗುಳಿ ಬೀಳದು, ಮಲಗಿದರೂ ಇಳಿಯದು. ಮೊದಲನೆಯ ಹಂತದಲ್ಲಿ ಹೊಸ ಬಸಿಗಾಲುವೆ ತೆಗೆದರೆ ಪ್ರಯೋಜನವುಂಟು. ಎರಡನೆಯದರಲ್ಲಿ ಹೂಳು ತುಂಬಿ ಗದ್ದೆಯೇ ಮೇಲೆದ್ದಿರುವಾಗ ಕಾಲುವೆ ತೋಡಿ ಫಲವಿಲ್ಲ, ಹೂಳನ್ನೇ ಎತ್ತಬೇಕು. ಶಸ್ತ್ರವೈದ್ಯರು ಮಾಡುವ ಆಪರೇಷನ್ನುಗಳೆಲ್ಲ ಈ ಎರಡು ಜಾತಿಗೆ ಸೇರಿದವು. ಯಾವ ಹಂತಕ್ಕೆ ಯಾವುದು ಎಂಬುದನ್ನು ತಪ್ಪಿದರೆ ಹಣವೂ ಹೋಯಿತು, ಕಾಲೂ ಹೋಯಿತು.

ಹೂಳೆತ್ತುವ ಜಾತಿ ಹಳೆಯದು. ಇವುಗಳಲ್ಲಿ ಅತಿ ಉಗ್ರವಾದುದು ಚಾರ್ಲ್ಸ್ ಶಸ್ತ್ರಕ್ರಿಯೆ. ಪಾದದಿಂದ ಮೊಣಕಾಲಿನವರೆಗೆ ಚರ್ಮವನ್ನೂ ಕೆಳಗಿನ ಕೊಬ್ಬನ್ನೂ ಸ್ನಾಯುವಿನ ಹೊದಿಕೆಯ ತನಕ ಕೆತ್ತಿ ತೆಗೆದು, ಬೇರೆ ಕಡೆಯ ಚರ್ಮವನ್ನು ಕಸಿ ಮಾಡುವುದು. ಹ್ಯಾವ್‌ಲಾಕ್ ಚಾರ್ಲ್ಸ್ ಎಂಬಾತ ಕಲಕತ್ತೆಯ ಮೆಡಿಕಲ್ ಕಾಲೇಜಿನಲ್ಲಿದ್ದ ಆಂಗ್ಲ ಸೇವೆಯ ಡಾಕ್ಟರು. ತಮಾಷೆಯೆಂದರೆ ಆತ 1912ರ ಗ್ರಂಥದಲ್ಲಿ ವಿವರಿಸಿದ್ದು ಗಂಡಸರ ವೃಷಣದ ಚೀಲದ ಆನೆಕಾಲು ರೋಗಕ್ಕೆ ಮಾಡಿದ ಶಸ್ತ್ರಕ್ರಿಯೆಯನ್ನು. ಕಾಲಿನ ಆಪರೇಷನ್ನಿಗೆ ಆತನ ಹೆಸರು ಅಂಟಿದ್ದು 1950ರಲ್ಲಿ ಇನ್ನೊಬ್ಬರು ಬರೆದ ಲೇಖನದ ತಪ್ಪಿನಿಂದ. ಪುಸ್ತಕದಿಂದ ಪುಸ್ತಕಕ್ಕೆ ಆ ತಪ್ಪು ಹೋಗಿ ಈಗ ಬದಲಿಸಲಾಗದಂತಾಗಿದೆ. ಈ ಶಸ್ತ್ರಕ್ರಿಯೆಯಲ್ಲಿ ರಕ್ತಸ್ರಾವ ಹೆಚ್ಚು. ಕಸಿ ಮಾಡಿದ ಚರ್ಮ ಒಡೆದು ಹುಣ್ಣಾಗಬಹುದು, ನೋಟವೂ ಚೆನ್ನಾಗಿರದು. ಕಾಲು ಎತ್ತಿ ಇಡಲಾಗದಷ್ಟು ಮಿತಿಮೀರಿದವರಿಗೆ ಮಾತ್ರ ಇಂದು ಇದನ್ನು ಯೋಚಿಸುತ್ತಾರೆ. ಇದಕ್ಕಿಂತ ಸೌಮ್ಯವಾದುದು ಹಂತಹಂತವಾಗಿ ಕೊಯ್ಯುವ ಕ್ರಮ: ಒಂದು ಪಕ್ಕದಲ್ಲಿ ಚರ್ಮವನ್ನು ತೆಳುವಾಗಿ ಎತ್ತಿ, ಕೆಳಗಿನ ದಪ್ಪ ಪದರವನ್ನು ತೆಗೆದು, ಅದೇ ಚರ್ಮವನ್ನು ಹೊಲಿದು, ಕೆಲವು ತಿಂಗಳ ನಂತರ ಇನ್ನೊಂದು ಪಕ್ಕ. ಜೋತುಬಿದ್ದ ಮಡಿಕೆ ತೆಗೆಯಲು, ಚಪ್ಪಲಿ ಹಾಕಲು ಬರುವಂತೆ ಪಾದವನ್ನು ಸರಿಪಡಿಸಲು ಇದು ಉಪಯುಕ್ತ. ಮಡಿಕೆಯ ಸಂದಿನಲ್ಲಿ ಕೊಳೆ ನಿಲ್ಲುವುದು ತಪ್ಪಿತೆಂದರೆ ಜ್ವರವೂ ಕಡಿಮೆಯಾಗುತ್ತದೆ.

ಮೂರನೆಯದು ಕೊಬ್ಬನ್ನು ನಳಿಕೆಯಿಂದ ಹೀರಿ ತೆಗೆಯುವುದು. ಸ್ವೀಡನ್ ದೇಶದ ಮಾಲ್ಮೋ ನಗರದಲ್ಲಿ ಹೋಕನ್ ಬ್ರೋರ್ಸನ್ ಎಂಬ ಶಸ್ತ್ರವೈದ್ಯರು 1987ರಿಂದ ಇದನ್ನು ಮಾಡುತ್ತ ಬಂದು, ಕ್ಯಾನ್ಸರಿನ ನಂತರ ಊದಿದ ಕೈಗಳು ಇನ್ನೊಂದು ಕೈಯ ಗಾತ್ರಕ್ಕೇ ಇಳಿದು ವರ್ಷಗಟ್ಟಲೆ ಹಾಗೆಯೇ ನಿಂತದ್ದನ್ನು ತೋರಿಸಿದರು. ಆದರೆ ಎರಡು ಕರಾರುಗಳಿವೆ. ಒತ್ತಿದರೆ ಗುಳಿ ಬೀಳುವ ಕೈಗೆ ಇದು ಸಲ್ಲದು, ಮೊದಲು ಪಟ್ಟಿ ಕಟ್ಟಿ ನೀರನ್ನೆಲ್ಲ ಇಳಿಸಿಕೊಂಡು ಬರಬೇಕು. ಆಪರೇಷನ್ ಆದ ಮೇಲೆ ಬಿಗಿಯಾದ ಒತ್ತುಚೀಲವನ್ನು ಹಗಲು ರಾತ್ರಿ, ಜೀವಮಾನವಿಡೀ ಧರಿಸಬೇಕು. ಏಕೆಂದರೆ ಹೂಳು ಹೋಯಿತೇ ಹೊರತು ಬಸಿಗಾಲುವೆ ಸರಿಯಾಗಲಿಲ್ಲ. ಒತ್ತುಚೀಲ ಬಿಟ್ಟರೆ ಊತ ಹಿಂದಕ್ಕೆ ಬರುತ್ತದೆಂಬುದನ್ನು ಬ್ರೋರ್ಸನ್ ಅವರೇ ಪರೀಕ್ಷಿಸಿ ಬರೆದಿದ್ದಾರೆ.

ಈಗ ಹೊಸ ಕಾಲುವೆ ತೋಡುವ ಜಾತಿ. 1908ರಲ್ಲಿ ಇಂಗ್ಲೆಂಡಿನ ಹ್ಯಾಂಡ್ಲಿ ಎಂಬವರು ಚರ್ಮದ ಕೆಳಗೆ ರೇಷ್ಮೆ ದಾರ ಎಳೆದು, ನೀರು ಅದರ ಗುಂಟ ಹರಿದೀತೆಂದು ನೋಡಿದರು. ನಿಲ್ಲಲಿಲ್ಲ. 1960ರ ದಶಕದಲ್ಲಿ ಪೋಲೆಂಡಿನ ವಾರ್ಸಾದಲ್ಲಿ ನೀಲುಬೋವಿಚ್ ಮತ್ತು ಓಲ್ಶೆವ್ಸ್ಕಿ ತೊಡೆಸಂದಿಯ ಗ್ರಂಥಿಯನ್ನು ಅರ್ಧ ಕತ್ತರಿಸಿ ಪಕ್ಕದ ಅಶುದ್ಧರಕ್ತನಾಳಕ್ಕೆ ಹೊಲಿದರು. ಗ್ರಂಥಿಯ ತನಕ ಬಂದ ದ್ರವ ಮುಂದಿನ ಕಟ್ಟನ್ನು ಬಳಸಿಕೊಂಡು ನೇರ ರಕ್ತಕ್ಕೆ ಬೀಳಲೆಂಬುದು ಉದ್ದೇಶ. ಫೈಲೇರಿಯಾ ಹೆಚ್ಚಾಗಿದ್ದ ತಂಜಾವೂರಿನ ಮೆಡಿಕಲ್ ಕಾಲೇಜಿನಲ್ಲಿ ಇಂತಹ ಆಪರೇಷನ್ನುಗಳು 1980ರ ಸುಮಾರಿಗೇ ನಡೆದಿವೆ. ನಮ್ಮ ಮೊದಲನೆಯ ಸದಸ್ಯರಿಗೆ ಆದದ್ದೂ ಇದೇ ಎಂದು ಅವರ ಕಾಗದಗಳನ್ನು ತೋರಿಸಿದಾಗ ಡಾಕ್ಟರೊಬ್ಬರು ಹೇಳಿದರು. ಆಪರೇಷನ್ ಕೆಟ್ಟದ್ದಲ್ಲ. ಕಾಲು ಆಗಲೇ ಎರಡನೆಯ ಹಂತ ದಾಟಿತ್ತು. ಮಲಗಿಸಿ ಎತ್ತಿ ಕಟ್ಟಿದ್ದರಿಂದ ಇದ್ದಷ್ಟು ನೀರು ಇಳಿದು ಕೆಲವು ತಿಂಗಳು ಸಣ್ಣಗೆ ಕಂಡಿತು, ಅಷ್ಟೇ.

ಅದಕ್ಕಿಂತ ಸೂಕ್ಷ್ಮವಾದ ಕ್ರಮ ದುಗ್ಧನಾಳವನ್ನೇ ಸಣ್ಣ ರಕ್ತನಾಳಕ್ಕೆ ಜೋಡಿಸುವುದು. ಮೆಲ್ಬರ್ನಿನ ಓಬ್ರಿಯನ್ ಮತ್ತು ಸಂಗಡಿಗರು 1977ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇದನ್ನು ಮಾಡಿ ಪ್ರಕಟಿಸಿದರು. ಜಪಾನಿನ ಕೊಶಿಮಾ ಇನ್ನೂ ಮುಂದೆ ಹೋಗಿ ಒಂದು ಮಿಲಿಮೀಟರಿಗಿಂತ ಕಡಿಮೆ, ಅರ್ಧ ಮಿಲಿಮೀಟರಿನಷ್ಟೇ ದಪ್ಪದ ನಾಳಗಳನ್ನು ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯುವ ವಿದ್ಯೆಯನ್ನು ಬೆಳೆಸಿದರು. ಬೆರಳ ಸಂದಿಗೆ ಒಂದು ಹಸಿರು ಬಣ್ಣವನ್ನು ಚುಚ್ಚಿ ವಿಶೇಷ ಕ್ಯಾಮರಾದಲ್ಲಿ ನೋಡಿದರೆ, ಚರ್ಮದ ಕೆಳಗೆ ಯಾವ ನಾಳ ಇನ್ನೂ ಹರಿಯುತ್ತಿದೆ ಎಂಬುದು ಬೆಳಕಿನ ಗೆರೆಯಾಗಿ ಕಾಣುತ್ತದೆ. ಅಲ್ಲಿ ಒಂದಂಗುಲದಷ್ಟು ಕೊಯ್ದು ಜೋಡಿಸುವುದು. ಅನೇಕ ಸಲ ಆ ಜಾಗಕ್ಕೆ ಮರಗಟ್ಟಿಸಿದರೆ ಸಾಕು, ಪೂರ್ತಿ ಮತ್ತು ಬರಿಸಬೇಕಾಗಿಲ್ಲ. ಶರೀರಕ್ಕೆ ಕಷ್ಟ ಕಡಿಮೆ, ಪದೇಪದೇ ಬರುವ ಚಳಿಜ್ವರ ಕಡಿಮೆಯಾಗುವುದೂ ಉಂಟು. ಗಾತ್ರ ಎಷ್ಟು ಇಳಿಯುವುದೆಂಬುದು ಮಾತ್ರ ಒಬ್ಬರಿಂದ ಒಬ್ಬರಿಗೆ ಬೇರೆ. ಕ್ಯಾಮರಾದಲ್ಲಿ ಒಂದು ಗೆರೆಯೂ ಕಾಣದೆ ಬರಿಯ ಮಬ್ಬು ಹರಡಿದ್ದರೆ ಜೋಡಿಸಲು ನಾಳವೇ ಇಲ್ಲವೆಂದರ್ಥ.

ಅಂತಹವರಿಗೆ ಇನ್ನೊಂದು ದಾರಿಯುಂಟು. ಬೇರೆ ಜಾಗದ ಗ್ರಂಥಿಗಳನ್ನು ಅವುಗಳ ರಕ್ತನಾಳದ ಸಮೇತ ತೆಗೆದು ಊದಿದ ಕೈಗೋ ಕಾಲಿಗೋ ನೆಡುವುದು. ಪ್ಯಾರಿಸಿನ ಕೊರಿನ್ ಬೆಕೆರ್ ಎಂಬ ವೈದ್ಯೆ ಸ್ತನದ ಕ್ಯಾನ್ಸರಿನ ನಂತರ ಕೈ ಊದಿದವರಲ್ಲಿ ಇದರ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಬುಡದ ಮಣ್ಣಿನ ಸಮೇತ ಸಸಿ ಕಿತ್ತು ನೆಟ್ಟ ಹಾಗೆ. ಬೇರು ಹಿಡಿಯಲು ತಿಂಗಳುಗಳು ಬೇಕು, ಫಲ ಕಾಣಲು ಒಂದೆರಡು ವರ್ಷವೂ ಆದೀತು. ಸಸಿ ಕಿತ್ತ ಜಾಗದ ಚಿಂತೆಯೂ ಇದೆ: ತೊಡೆಸಂದಿಯಿಂದ ಗ್ರಂಥಿ ತೆಗೆದರೆ ಆ ಒಳ್ಳೆಯ ಕಾಲೇ ಊದುವ ಅಪಾಯ. ಆದ್ದರಿಂದ ಗದ್ದದ ಕೆಳಗಿನಿಂದ, ಕುತ್ತಿಗೆಯಿಂದ ಅಥವಾ ಹೊಟ್ಟೆಯೊಳಗಿನ ಕೊಬ್ಬಿನ ಪರದೆಯಿಂದ ತೆಗೆಯುವುದೂ ಉಂಟು. ಈ ಎರಡು ಸೂಕ್ಷ್ಮ ಶಸ್ತ್ರಕ್ರಿಯೆಗಳು ದೊಡ್ಡ ನಗರಗಳಲ್ಲಿ, ಅದರಲ್ಲೂ ಪಳಗಿದ ಕೆಲವೇ ಕೈಗಳಲ್ಲಿ ಮಾತ್ರ ಆಗತಕ್ಕವು. ಬೋರ್ಡು ನೋಡಿ ಒಳಹೊಗಬಾರದು.

ಗಂಡಸರಿಗೆ ಸಂಬಂಧಿಸಿದ ಮಾತೊಂದನ್ನು ನಾಚಿಕೆ ಬಿಟ್ಟು ಬರೆಯುತ್ತೇವೆ. ಇದೇ ಹುಳುವಿನಿಂದ ವೃಷಣದ ಚೀಲದಲ್ಲಿ ನೀರು ತುಂಬುವುದೂ ಸಾಮಾನ್ಯ. ಪಂಚೆಯಲ್ಲಿ ಮುಚ್ಚಿಕೊಂಡು ಇಪ್ಪತ್ತು ವರ್ಷ ಕಳೆದವರನ್ನು ನಾವು ಬಲ್ಲೆವು. ಫೈಲೇರಿಯಾಕ್ಕೆ ಸಂಬಂಧಿಸಿದ ಶಸ್ತ್ರಕ್ರಿಯೆಗಳಲ್ಲಿ ಅತ್ಯಂತ ಸರಳವೂ ಖಚಿತ ಗುಣದ್ದೂ ಇದೇ. ಸೂಜಿಯಿಂದ ನೀರು ತೆಗೆಸಿದರೆ ಮತ್ತೆ ತುಂಬುತ್ತದೆ, ಚೀಲದ ಪೊರೆಯನ್ನೇ ತೆಗೆಸಬೇಕು. ಇದಕ್ಕೆ ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ, ಶಸ್ತ್ರವೈದ್ಯರಿರುವ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿದರಾಯಿತು.

ಇಷ್ಟೆಲ್ಲ ಹೇಳಿದ ಮೇಲೆ, ಓದಿದಷ್ಟೂ ನಮಗೆ ಗಟ್ಟಿಯಾದ ಸಂಗತಿ ಒಂದಿದೆ. ಕಾಲು ದಪ್ಪವಾಗುತ್ತ ಹೋಗಲು ಹುಳುವಿಗಿಂತ ಹೆಚ್ಚಾಗಿ ಕಾರಣವಾಗುವುದು ಚರ್ಮದ ಬಿರುಕಿನಿಂದ ಒಳಹೊಕ್ಕ ಬ್ಯಾಕ್ಟೀರಿಯಾ. ಬ್ರೆಜಿಲ್ ದೇಶದ ರೆಸಿಫೆಯಲ್ಲಿ ಗೆರುಸಾ ಡ್ರೇಯರ್ ಎಂಬ ವೈದ್ಯೆ ಇದನ್ನು ರೋಗಿಗಳಲ್ಲಿ ಪದೇಪದೇ ತೋರಿಸಿಕೊಟ್ಟರು. ಇದ್ದಕ್ಕಿದ್ದಂತೆ ಚಳಿ ನಡುಕ, ಜ್ವರ, ತೊಡೆಸಂದಿಯಲ್ಲಿ ನೋವಿನ ಗಂಟು, ಕೆಂಪಗೆ ಉರಿಯುವ ಕಾಲು: ಇಂತಹ ಪ್ರತಿಯೊಂದು ಜ್ವರವೂ ಉಳಿದಿದ್ದ ಒಂದಷ್ಟು ನಾಳಗಳನ್ನು ಕೆಡಿಸಿ ಹೋಗುತ್ತದೆ. ನಮ್ಮ ಕೆಲಸ ನೋಡಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಾಲು ಒಣಗುವುದೇ ಇಲ್ಲ. ಬೆರಳ ಸಂದಿಯಲ್ಲಿ ಕೆಸರುಹುಣ್ಣು, ಇಂಬಳ ಕಚ್ಚಿದ ಗಾಯ, ಅದನ್ನು ಕೆರೆದ ಉಗುರು, ಬೂಟಿನೊಳಗೆ ನಿಂತ ನೀರು. ಊದಿದ ಕಾಲಿನವರು ದಿನಕ್ಕೆರಡು ಸಲ ಸಾಬೂನು ಹಾಕಿ ತೊಳೆದು, ಬೆರಳ ಸಂದಿಗಳನ್ನು ಬಟ್ಟೆಯಿಂದ ಒತ್ತಿ ಒಣಗಿಸಿ, ಹುಣ್ಣಿದ್ದರೆ ಮುಲಾಮು ಹಚ್ಚಿ, ಮಲಗುವಾಗ ಕಾಲು ಎತ್ತಿಟ್ಟು, ಹಗಲು ಅಳತೆಗೆ ತಕ್ಕ ಒತ್ತುಪಟ್ಟಿ ಧರಿಸಿ, ಹಿಮ್ಮಡಿ ಎತ್ತಿಳಿಸುವ ವ್ಯಾಯಾಮ ಮಾಡಬೇಕು. ಜ್ವರ ಬಂದ ದಿನವೇ ಡಾಕ್ಟರರಲ್ಲಿಗೆ ಹೋಗಬೇಕು. ಆ ದಿನ ಪಟ್ಟಿ ಬಿಗಿಯುವುದಾಗಲಿ ತಿಕ್ಕುವುದಾಗಲಿ ಕೂಡದು. ವರ್ಷದಲ್ಲಿ ಹಲವು ಸಲ ಜ್ವರ ಬರುವವರಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡುವ ರೂಢಿ ನಮ್ಮ ದೇಶದಲ್ಲಿ ಹಿಂದಿನಿಂದ ಇದೆ. ನಮಗೆ ಸಮೀಪದ ಕಾಸರಗೋಡಿನಲ್ಲಿ 1999ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆ ಆಯುರ್ವೇದದ ಕಷಾಯಗಳಲ್ಲಿ ಕಾಲು ನೆನೆಸುವುದು, ಯೋಗ, ಒತ್ತುಪಟ್ಟಿ ಇವನ್ನು ಆಧುನಿಕ ಔಷಧಿಗಳೊಂದಿಗೆ ಸೇರಿಸಿ, ಚಾಕು ಹಿಡಿಯದೆ ಕಾಲು ಇಳಿಸಿ, ಹೊರದೇಶದ ವೈದ್ಯ ಪತ್ರಿಕೆಗಳಲ್ಲಿ ಫಲಿತಾಂಶ ಪ್ರಕಟಿಸಿದೆ. ತಿಂಗಳುಗಟ್ಟಲೆ ಹೀಗೆ ಮಾಡಿಯೂ ಊತ ನಿಲ್ಲದಿದ್ದರೆ, ಅಥವಾ ಜ್ವರ ಬಿಡದಿದ್ದರೆ, ಆಗ ಆಪರೇಷನ್ನಿನ ಮಾತು. ಆಪರೇಷನ್ ಆದವರೂ ಇದನ್ನು ಬಿಡುವಂತಿಲ್ಲ.

ಊದಿದ ಕಾಲೆಲ್ಲ ಆನೆಕಾಲಲ್ಲ ಎಂಬುದನ್ನೂ ಸೇರಿಸಬೇಕು. ಹೃದಯ, ಮೂತ್ರಪಿಂಡ, ಥೈರಾಯ್ಡ್ ತೊಂದರೆಗಳಿಂದಲೂ ಕಾಲು ಊದೀತು. ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅಂತಹ ನಾಳಕ್ಕೆ ದುಗ್ಧನಾಳ ಜೋಡಿಸುವುದು ತುಂಬಿದ ಹಳ್ಳಕ್ಕೆ ಕಾಲುವೆ ತಿರುಗಿಸಿದ ಹಾಗೆ. ಆದ್ದರಿಂದ ಡಾಪ್ಲರ್ ಪರೀಕ್ಷೆ ಆಗಿದೆಯೇ ಎಂದು ಕೇಳಿರಿ. ಕ್ಯಾನ್ಸರ್ ಆದವರಲ್ಲಿ ಹೊಸದಾಗಿ ಊತ ಕಂಡರೆ ರೋಗ ಮರುಕಳಿಸಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಇನ್ನು ಮೇಲೆ ಇಂತಹ ಸಾಲದ ಅರ್ಜಿಯೊಂದಿಗೆ ಶಸ್ತ್ರವೈದ್ಯರ ಪತ್ರವೊಂದನ್ನು ಲಗತ್ತಿಸುವಂತೆ ಕೇಳಲು ಆಡಳಿತ ಮಂಡಳಿ ಒಪ್ಪಿದೆ. ಊತ ಯಾವ ಹಂತದ್ದು, ನಾಳಗಳ ಪರೀಕ್ಷೆ ಆಗಿದೆಯೇ, ಯಾವ ಜಾತಿಯ ಆಪರೇಷನ್, ಎಷ್ಟು ಇಳಿಯುವ ನಿರೀಕ್ಷೆ, ನಂತರ ಒತ್ತುಚೀಲ ಎಷ್ಟು ಕಾಲ, ಅದಕ್ಕೆ ವರ್ಷಕ್ಕೆಷ್ಟು ಖರ್ಚು ಎಂಬುದು ಅದರಲ್ಲಿರಬೇಕು. ಒತ್ತುಚೀಲದ ಬಿಗಿ ಕೆಲವು ತಿಂಗಳಲ್ಲಿ ಸಡಿಲವಾಗಿ ಹೊಸದು ಕೊಳ್ಳಬೇಕಾಗುತ್ತದೆ. ಈ ಖರ್ಚನ್ನು ಯಾರೂ ಮೊದಲು ಹೇಳುವುದಿಲ್ಲ. ಸಹಕಾರ ಸಂಘಗಳ ಸದಸ್ಯರಿಗೆಂದು 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಪುನಃ ನಡೆದ ಯಶಸ್ವಿನಿ ಯೋಜನೆಯಲ್ಲಾಗಲಿ ಆಯುಷ್ಮಾನ್ ಕಾರ್ಡಿನಲ್ಲಾಗಲಿ ಆ ನಿರ್ದಿಷ್ಟ ಆಪರೇಷನ್ ಸೇರಿದೆಯೇ ಎಂಬುದನ್ನು, ದಾಖಲಾಗುವ ಮೊದಲೇ, ಆಸ್ಪತ್ರೆಯಿಂದ ಬರಹದಲ್ಲಿ ಪಡೆಯಬೇಕು. ಇದನ್ನು ಅಡ್ಡಿಯೆಂದು ಯಾರೂ ತಿಳಿಯಬಾರದು. ಪತ್ರ ಬರೆಸಿಕೊಳ್ಳಲು ತೊಂದರೆಯಾದವರ ಜೊತೆ ಕಚೇರಿಯಿಂದ ಒಬ್ಬರನ್ನು ಕಳಿಸುತ್ತೇವೆ.

ಕೈ ಊದಿದ ಆ ಸಹೋದರಿಯ ಜೊತೆ ನಾವೇ ಹೋಗಿದ್ದೆವು. ಒತ್ತಿದರೆ ಗುಳಿ ಬೀಳುತ್ತಿತ್ತು. ಅಂದರೆ ಇನ್ನೂ ಮೊದಲ ಹಂತ, ನಾಳ ಜೋಡಿಸಲು ಯೋಗ್ಯವಿರಬಹುದು, ಆದರೆ ಆರು ತಿಂಗಳು ಪದರಪಟ್ಟಿ ಕಟ್ಟಿ ನೋಡದೆ ಚಾಕು ಎತ್ತುವುದಿಲ್ಲ ಎಂದರು ಶಸ್ತ್ರವೈದ್ಯರು. ಪಟ್ಟಿ ಸುತ್ತುವುದನ್ನು ಮಗಳು ಕಲಿತುಕೊಂಡಿದ್ದಾಳೆ. ಹದಿನೈದು ದಿನಕ್ಕೊಮ್ಮೆ ದರ್ಜಿಯ ಟೇಪಿನಲ್ಲಿ ಮೊಣಕೈ ಕೆಳಗೆ ಅಳೆದು, ಕಾಫಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಾರೆ. ನಾಲ್ಕು ತಿಂಗಳಲ್ಲಿ ಮೂರು ಸೆಂಟಿಮೀಟರ್ ಇಳಿದಿದೆ. ಕಳೆದ ವಾರ ಗೊಬ್ಬರಕ್ಕೆ ಬಂದಿದ್ದರು. ಅರ್ಜಿ ವಾಪಸು ಕೊಡಲೇ ಎಂದು ಕೇಳಿದೆವು. ‘ಬೇಡ ಅಣ್ಣಾ, ಇನ್ನೆರಡು ತಿಂಗಳು ಫೈಲಿನಲ್ಲೇ ಇರಲಿ’ ಎಂದರು.